ಎಡಗಡೆಯ ಸ್ವರ

ಕಾಪು ಪಡು
12 ಅಕ್ಟೋಬರ್ 1980

ಪ್ರೀತಿಯ ಶೇಖರ,

ನೀನು ಕಳಿಸಿದ ಸ್ಟೀರಿಯೋ ಭದ್ರವಾಗಿ ತಲುಪಿತು. ರಜೆಯಲ್ಲಿ ಬಂದ ನಿನ್ನ ರೂಮಿನ ಅಣ್ಣು ಕಾರ್ಕಳದಿಂದ ಬಾಡಿಗೆ ಕಾರಿನಲ್ಲಿ ತಂದು, ಚಾವಡಿಯ ಮೇಜಿನ ಮೇಲೆ ಇರಿಸಿ, ತಂತಿಗಳನ್ನೆಲ್ಲ ಜೋಡಿಸಿ ಕೊಟ್ಟು ಹೋದರು. ಜತೆಯಲ್ಲಿ ಅವರ ತಾಯಿ ಮತ್ತು ತಮ್ಮ ಭೋಜ ಬಂದಿದ್ದರು. ಸೆಟ್ಟು ತಲುಪಿಸುವ ನೆಪದಲ್ಲಿ ಹುಡುಗಿಯನ್ನು ನೋಡಿದ ಹಾಗೂ ಆಯಿತು. ನಮ್ಮ ತಂಗಿ ವಿನೋದಾ ಒಂದು ಭಜನೆ ಹಾಡಿದಳು. ಭೋಜ ತಲೆ ತಗ್ಗಿಸಿ ಕೇಳಿದ. ಮಣಿಪಾಲದಲ್ಲಿ ಕಚೇರಿ ಕೆಲಸವಂತೆ, ಮಾತು ಕಡಿಮೆ. ತಾಯಿ ಹೊರಡುವಾಗ, “ಫೆಬ್ರವರಿ ಒಳಗೆ ನಿಶ್ಚಯ ಮಾಡಿ ಬಿಡುವ” ಎಂದರು. ಅಪ್ಪ ಅಮ್ಮ ತೀರಿದ ಮೇಲೆ ಈ ಮನೆಯ ಚಾವಡಿಯಲ್ಲಿ ಅಂಥ ಮಾತು ಕೇಳಿದ್ದು ಇದೇ ಮೊದಲು.

ಸೆಟ್ಟಿನ ವಿಷಯದಲ್ಲಿ ಒಂದು ದೂರು ಇದೆ. ಎಡಗಡೆಯ ಪೆಟ್ಟಿಗೆಯಿಂದ ಬರುವ ಸ್ವರ ಒಡೆಯುತ್ತದೆ ಎಂದು ವಿನೋದಾ ಹೇಳುತ್ತಾಳೆ. ಹಾಡುವವರು ಮೇಲಿನ ಸ್ವರಕ್ಕೆ ಹೋದ ಕೂಡಲೇ ಬಟ್ಟೆ ಹರಿದ ಹಾಗೆ ಕೇಳಿಸುತ್ತದಂತೆ. ನಾನು ಪೆಟ್ಟಿಗೆಯ ಪಕ್ಕದಲ್ಲೇ ಕೂತು ಕೇಳಿದೆ, ಏನೂ ಗೊತ್ತಾಗಲಿಲ್ಲ. ಆದರೆ ಅವಳ ಕಿವಿ ನಿನಗೆ ಗೊತ್ತಲ್ಲ. ಭಜನಾ ಮಂದಿರದಲ್ಲಿ ಹಾರ್ಮೋನಿಯಂನ ಒಂದು ಮನೆ ಕೂದಲೆಳೆಯಷ್ಟು ತಪ್ಪಿದರೂ ಮುಖ ಕಿವುಚುವವಳು. ಅವಳಿಗೆ ಕೇಳಿಸಿದ್ದು ನಮಗೆ ಕೇಳಿಸದಿದ್ದರೆ ಕೊರತೆ ನಮ್ಮ ಕಿವಿಯದ್ದೇ ಇರಬೇಕು.

ಉಡುಪಿಯಲ್ಲಿ ಸ್ಟ್ಯಾನಿಸ್ಲಾಸ್ ಎಂಬವರು ರೇಡಿಯೋ ರಿಪೇರಿಗೆ ಹೆಸರಾದವರು. ಅವರನ್ನು ಕರೆಸಿ ತೋರಿಸಲೇ?

ವಿನೋದಾಳ ಮಳೆಗಾಲದ ಕೆಮ್ಮು ಕಡಿಮೆಯಾಗಿದೆ. ವಾರಕ್ಕೆ ಮೂರು ದಿನ ಉಡುಪಿಗೆ ಹೊಲಿಗೆ ತರಗತಿಗೆ ಹೋಗಿಬರುತ್ತಾಳೆ. ನನಗೆ ಶಾಲೆಯಲ್ಲಿ ಈ ವರ್ಷ ಮೂರನೇ ತರಗತಿ ಕೊಟ್ಟಿದ್ದಾರೆ.

ನಿನ್ನ ಅಕ್ಕ,
ಗುಣವತಿ


ಮನಾಮ, ಬಹ್ರೇನ್
29 ಅಕ್ಟೋಬರ್ 1980

ಗುಣಕ್ಕನಿಗೆ ಶೇಖರನ ನಮಸ್ಕಾರ.

ಪತ್ರ ಓದಿ ಒಂದು ಕಣ್ಣಿನಲ್ಲಿ ಸಂತೋಷ, ಇನ್ನೊಂದರಲ್ಲಿ ಚಿಂತೆ. ಭೋಜ ಒಳ್ಳೆಯ ಹುಡುಗನೆಂದು ಅಣ್ಣು ಹೇಳುತ್ತಲೇ ಇರುತ್ತಾರೆ. ಅವರು ರಜೆ ಮುಗಿಸಿ ಬಂದಾಯಿತು, ನಿನ್ನ ಮೀನಿನ ಸಾರಿನ ಸುದ್ದಿ ರೂಮಿನ ಎಂಟು ಜನರಿಗೂ ಮುಟ್ಟಿಸಿದರು. ಇಲ್ಲಿ ಪತ್ರ ಬಂದರೆ ಒಬ್ಬನಿಗೆ ಬಂದ ಹಾಗಲ್ಲ. ಒಬ್ಬ ಓದುತ್ತಾನೆ, ಉಳಿದವರು ಕೇಳುತ್ತಾರೆ.

ಸ್ಟೀರಿಯೋವನ್ನು ದಯವಿಟ್ಟು ಯಾರಿಗೂ ತೋರಿಸಬೇಡ. ಅದು ಹೊಸ ಸೆಟ್ಟು. ಸ್ಟ್ಯಾನಿಸ್ಲಾಸ್ ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ. ನಾನು ಇಲ್ಲಿ ಕರೆಂಟಿನ ಕೆಲಸದಲ್ಲೇ ಇರುವವನು, ಪತ್ರದಲ್ಲಿ ಹೇಳಿಕೊಟ್ಟರೆ ನಿನ್ನಿಂದಲೇ ಸರಿಯಾಗುತ್ತದೆ.

ಕ್ಯಾಸೆಟ್ ಕೂರುವ ಜಾಗದಲ್ಲಿ ಹೊಳೆಯುವ ಸಣ್ಣ ಲೋಹದ ತುಂಡು ಇದೆ, ಅದಕ್ಕೆ ಹೆಡ್ ಎನ್ನುತ್ತಾರೆ. ಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್‌ನಲ್ಲಿ ಅದ್ದಿ ಮೆಲ್ಲಗೆ ಒರೆಸು. ಸಮುದ್ರದ ಗಾಳಿಗೆ ತಂತಿಯ ತುದಿ ಹಸಿರುಗಟ್ಟಿರಬಹುದು, ಚಾಕುವಿನಿಂದ ಕೆರೆದು ಮತ್ತೆ ಸಿಕ್ಕಿಸು. ಆಮೇಲೂ ಸರಿಯಾಗದಿದ್ದರೆ ಎಡದ ತಂತಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡು. ಒಡಕು ಬಲಕ್ಕೆ ಹೋದರೆ ಯಂತ್ರದ ತಪ್ಪು. ಎಡದಲ್ಲೇ ಉಳಿದರೆ ಪೆಟ್ಟಿಗೆಯ ತಪ್ಪು. ಪರೀಕ್ಷೆ ಅಷ್ಟು ಸುಲಭ.

ಶೇಖರ


ಕಾಪು ಪಡು
16 ನವೆಂಬರ್ 1980

ಪ್ರೀತಿಯ ಶೇಖರ,

ನೀನು ಬರೆದದ್ದನ್ನೆಲ್ಲ ಮಕ್ಕಳ ಪಾಠದ ಹಾಗೆ ಒಂದೊಂದಾಗಿ ಮಾಡಿದೆ. ಹೆಡ್ ಒರೆಸಿದಾಗ ಹತ್ತಿಗೆ ಸ್ವಲ್ಪ ಕಂದು ಬಣ್ಣ ಬಂತು. ತಂತಿಯ ತುದಿ ಕೆರೆದಾಯಿತು. ಎಡ ಬಲ ಬದಲಿಸಿದರೂ ಒಡಕು ಎಡದಲ್ಲೇ ಉಳಿಯಿತು ಎನ್ನುತ್ತಾಳೆ ವಿನೋದಾ. ಪೆಟ್ಟಿಗೆಯ ತಪ್ಪು ಎಂದು ಬರೆದಿದ್ದೆಯಲ್ಲ, ಆದ್ದರಿಂದ ಪೆಟ್ಟಿಗೆಗಳನ್ನೇ ಎತ್ತಿ ಜಾಗ ಬದಲಿಸಿದೆ. ಎಡದ್ದು ಈಗ ಕಿಟಕಿಯ ಪಕ್ಕ ಬಲಗಡೆ ಇದೆ. ಅವಳು ಕಣ್ಣು ಮುಚ್ಚಿ ಕೂತು ಕೇಳಿದಳು. ಈಗಲೂ ಎಡಗಡೆಯೇ ಒಡೆಯುತ್ತದೆ ಅಂದಳು.

ಇನ್ನೊಂದು ದೂರು ಹೊಸದು. ಹಾಡಿನ ಹಿಂದೆ ದುಂಬಿ ಗುಂಯ್ಗುಟ್ಟಿದ ಹಾಗೆ ಒಂದು ಸದ್ದು ನಿಲ್ಲದೆ ಇರುತ್ತದಂತೆ. ಅದೂ ನನಗೆ ಕೇಳಿಸುವುದಿಲ್ಲ. ಇಷ್ಟು ಒಳ್ಳೆಯ ಸೆಟ್ಟು ಕಳಿಸಿದವನಿಗೆ ಬರೀ ದೂರನ್ನೇ ಬರೆಯಬೇಕಲ್ಲ ಎಂದು ಅವಳಿಗೆ ಬೇಸರ.

ಮೊನ್ನೆ ಭಜನಾ ಮಂದಿರದ ಮೆಟ್ಟಿಲಿನಲ್ಲಿ ಕಾಲು ಜಾರಿ ಬಿದ್ದಳು. ಮೊಣಕಾಲು ತರಚಿದೆ, ಹೆಚ್ಚೇನಿಲ್ಲ. ಹೊಸ ಚಪ್ಪಲಿ, ನೆಲ ಹಸಿ. ನಡೆಯುವಾಗ ಎಲ್ಲಿಯೋ ಲಕ್ಷ್ಯ.

ಬೇಗ ಉತ್ತರ ಬರೆ. ನಿನ್ನ ಪತ್ರಕ್ಕೆ ಕಾಯುತ್ತಿದ್ದೇನೆ.

ಅಕ್ಕ


ಮನಾಮ
5 ಡಿಸೆಂಬರ್ 1980

ಗುಣಕ್ಕ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಸಿಟ್ಟು ಮಾಡಬೇಡ, ನೀನು ಬರೆದ ಹಾಗೆ ಆಗಲು ಸಾಧ್ಯವೇ ಇಲ್ಲ. ತಂತಿ ಬದಲಿಸಿದರೂ ಎಡ, ಪೆಟ್ಟಿಗೆ ಬದಲಿಸಿದರೂ ಎಡ ಎಂದರೆ ತಪ್ಪು ಎಲ್ಲಿ ಉಳಿಯಿತು? ಗೋಡೆಯಲ್ಲಿಯೇ? ನೀನು ಪೆಟ್ಟಿಗೆಯ ಜತೆ ತಂತಿಯನ್ನೂ ಬದಲಿಸಿ ಎರಡು ಸಲ ಅದಲುಬದಲು ಮಾಡಿರಬೇಕು. ಇನ್ನೊಮ್ಮೆ ಸಮಾಧಾನದಲ್ಲಿ ಮಾಡು. ವಿನೋದಾಳಿಗೂ ಹೇಳು, ಸ್ವಲ್ಪ ಉದಾರವಾಗಿ ಕೇಳಲಿ. ಅವಳ ಕಿವಿಗೆ ಹಿಡಿಸುವ ಯಂತ್ರ ಯಾವ ದೇಶದಲ್ಲೂ ತಯಾರಾಗಿರಲಿಕ್ಕಿಲ್ಲ.

ಗುಂಯ್ ಸದ್ದು ಕರೆಂಟಿನದ್ದು. ನಮ್ಮ ಮನೆಯ ಅರ್ಥ್ ತಂತಿ ಸರಿ ಇಲ್ಲ. ಸೆಟ್ಟಿನ ಗುಂಡಿ ಆರಿಸಿದರೂ ಒಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಲೇ ಇರುತ್ತದೆ. ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತು ತೆಗೆ. ಆಗ ನಿಲ್ಲುತ್ತದೆ, ನೋಡು. ನಿಂತರೆ ಮುಂದಿನದ್ದು ಬರೆಯುತ್ತೇನೆ.

ಸ್ಟ್ಯಾನಿಸ್ಲಾಸ್ ಬೇಡವೇ ಬೇಡ.

ಶೇಖರ


ಕಾಪು ಪಡು
23 ಡಿಸೆಂಬರ್ 1980

ಶೇಖರ,

ನಿನ್ನ ಪತ್ರ ಶನಿವಾರ ಬಂತು. ಭಾನುವಾರ ಬೆಳಿಗ್ಗೆ ನೀನು ಹೇಳಿದಂತೆ ಪ್ಲಗ್ಗನ್ನು ಗೋಡೆಯಿಂದ ತೆಗೆದೆ.

ಇನ್ನು ಸೆಟ್ಟಿನ ವಿಷಯ ಬರೆಯಬೇಡ. ಅದರಲ್ಲಿ ಏನಿದೆ ಏನಿಲ್ಲ ಎಂದು ನನಗೆ ಗೊತ್ತಾಯಿತು. ಒಡಹುಟ್ಟಿದವರು ಒಬ್ಬರಿಗೊಬ್ಬರು ಸುಳ್ಳು ಹೇಳಬಾರದಿತ್ತು.

ಅಕ್ಕ


ಮನಾಮ
12 ಜನವರಿ 1981

ಗುಣಕ್ಕ,

ನಾಲ್ಕು ಸಾಲಿನ ನಿನ್ನ ಪತ್ರ ಕಿಸೆಯಲ್ಲೇ ಇದೆ. ಸ್ಟ್ಯಾನಿಸ್ಲಾಸ್‌ಗೆ ತೋರಿಸಿದೆ ಎಂದು ನೀನು ಬರೆಯಲಿಲ್ಲ, ಆದರೂ ನನಗೆ ಅರ್ಥವಾಯಿತು. ಬಿಚ್ಚಿ ನೋಡಿದವರಿಗೆ ಗೊತ್ತಾಗದೆ ಇರುತ್ತದೆಯೇ?

ಹೌದು ಅಕ್ಕ, ಸೆಟ್ಟು ಹೊಸದಲ್ಲ. ಕೆಲಸ ಬಿಟ್ಟು ಊರಿಗೆ ಹೋಗುವ ಒಬ್ಬರಿಂದ ತೆಗೆದುಕೊಂಡೆ. ಅವರು ಸಾಮಾನು ಕಟ್ಟುವಾಗ ಎಡಗಡೆಯ ಪೆಟ್ಟಿಗೆ ಮೆಟ್ಟಿಲಿನಿಂದ ಉರುಳಿ, ಒಳಗೆ ಸ್ವರ ಹೊರಡಿಸುವ ಕಪ್ಪು ಕಾಗದ ಹರಿದಿತ್ತು. ನಾನೇ ಅಂಟು ಹಾಕಿ ಸರಿಮಾಡಿದೆ. ಇಲ್ಲಿ ಕೇಳಿದಾಗ ಚೆನ್ನಾಗಿಯೇ ಇತ್ತು. ಹೊಸ ರಟ್ಟಿನ ಪೆಟ್ಟಿಗೆ ಹುಡುಕಿ ಅದರಲ್ಲಿ ತುಂಬಿಸಿ ಕಳಿಸಿದೆ. ಭೋಜನ ಮನೆಯವರ ಮುಂದೆ ನಮ್ಮ ಚಾವಡಿಯಲ್ಲಿ ಹೊಸ ಸ್ಟೀರಿಯೋ ಇರಬೇಕೆಂಬ ಆಸೆ ನನಗೆ. ಎಡಗಡೆಯದ್ದೇ ಒಡೆಯುತ್ತದೆ ಎಂದು ನೀನು ಮೊದಲ ಪತ್ರದಲ್ಲಿ ಬರೆದಾಗ ನನ್ನ ಅಂಟು ಬಿಟ್ಟಿತೆಂದುಕೊಂಡೆ.

ಅಂದಿನಿಂದ ನಿನಗೆ ಪಾಠ ಬರೆದು ಬರೆದು ಕಳಿಸಿದ್ದು ಸೆಟ್ಟು ಸರಿಯಾಗಲೆಂದಲ್ಲ, ಅದನ್ನು ಯಾರೂ ಬಿಚ್ಚಬಾರದೆಂದು. ನಿನ್ನನ್ನೇ ದಡ್ಡಿ ಎಂಬ ಹಾಗೆ ಬರೆದೆ. ಬೇಕಾದಷ್ಟು ಬೈದು ಬರೆ. ಈ ಸುಮ್ಮನಿರುವುದೊಂದು ಬೇಡ.

ನಿನ್ನ ಶೇಖರ


ಕಾಪು ಪಡು
8 ಫೆಬ್ರವರಿ 1981

ಪ್ರೀತಿಯ ಶೇಖರ,

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಪಡುಬಿದ್ರಿಯ ಲೂಯಿಸ್ ಬಹ್ರೇನಿಗೆ ಹಿಂದಿರುಗುತ್ತಿದ್ದಾರೆ, ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಒಬ್ಬನೇ ಕೂತು ಓದು.

ನಿನ್ನ ಸೆಟ್ಟು ಹಳೆಯದೆಂದು ನಿನ್ನ ಪತ್ರ ಬರುವವರೆಗೆ ನನಗೆ ಗೊತ್ತೇ ಇರಲಿಲ್ಲ. ಸುಳ್ಳು ಹೇಳಬಾರದಿತ್ತು ಎಂದು ಬರೆದದ್ದು ನಿನಗಲ್ಲ, ನನಗೆ.

ವಿನೋದಾಳದ್ದು ಮಳೆಗಾಲದ ಕೆಮ್ಮಲ್ಲ, ಕ್ಷಯ. ಜುಲೈಯಲ್ಲಿ ಕಫದಲ್ಲಿ ರಕ್ತ ಕಂಡಿತು. ಉಡುಪಿಯಲ್ಲಿ ಅಂಬಲಪಾಡಿಯ ಹತ್ತಿರದ ಡಾಕ್ಟರಿಗೆ ತೋರಿಸಿದೆ. ಮಾತ್ರೆಯ ಜತೆಗೆ ವಾರಕ್ಕೆ ಮೂರು ಇಂಜೆಕ್ಷನ್ ಎಂದರು. ಹೊಲಿಗೆ ತರಗತಿ ಅಂದರೆ ಅದೇ. ನಿನಗೆ ಬರೆದಿದ್ದರೆ ಅಣ್ಣುವಿಗೂ ಗೊತ್ತಾಗುತ್ತಿತ್ತು, ಅವರ ಮೂಲಕ ಕಾರ್ಕಳಕ್ಕೆ. ಫೆಬ್ರವರಿಯ ಒಳಗೆ ಇಂಜೆಕ್ಷನ್ ಮುಗಿದು ಅವಳು ಗುಣವಾದರೆ ಯಾರಿಗೂ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದೆ.

ಮೊದಲ ದಿನವೇ ಡಾಕ್ಟರು ನನ್ನನ್ನು ಬದಿಗೆ ಕರೆದು ಒಂದು ಮಾತು ಹೇಳಿದ್ದರು. “ಈ ಮದ್ದು ಕೆಲವರಿಗೆ ಕಿವಿಗೆ ಹೊಡೆಯುವುದುಂಟು. ಗುಂಯ್ ಅಂದರೆ, ತಲೆ ತಿರುಗಿದರೆ, ಸ್ವರ ಬೇರೆ ರೀತಿ ಕೇಳಿದರೆ ಆ ದಿನವೇ ಬನ್ನಿ. ಸೂಜಿ ನಿಲ್ಲಿಸಿ ಬೇರೆ ಮದ್ದು ಕೊಡುವ. ತಡ ಮಾಡಿದರೆ ಹೋದದ್ದು ವಾಪಸ್ ಬರುವುದಿಲ್ಲ ಟೀಚರೇ.”

ವಿನೋದಾಳಿಗೆ ನಾನು ಅದನ್ನು ಹೇಳಲಿಲ್ಲ. ಮೊದಲೇ ಹೆದರಿದ್ದಳು, ಹಾಡುವ ಹುಡುಗಿಗೆ ಕಿವಿಯ ಮಾತು ಹೇಗೆ ಹೇಳಲಿ, ನಾನೇ ನೋಡಿಕೊಂಡರೆ ಸಾಕಲ್ಲ ಎಂದುಕೊಂಡೆ. ಅವಳಿಗೆ ಗುಂಯ್ ಎಂದು ಕೇಳಿಸಿದಾಗ ನಿನ್ನ ಸೆಟ್ಟಿನದ್ದೆಂದು ತಿಳಿದಳು. ಎಡಗಡೆಯ ಸ್ವರ ಒಡೆದಾಗ ಪೆಟ್ಟಿಗೆಯನ್ನು ದೂರಿದಳು. ಮನೆಯಲ್ಲಿ ಹೊಸ ಯಂತ್ರ ಇರುವಾಗ ತನ್ನ ಕಿವಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ನನಗೂ ಬರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಪೂರ್ತಿ ನಿಜವಲ್ಲ. ಅಕ್ಟೋಬರಿನಲ್ಲಿ ಬರಲಿಲ್ಲ. ಅವಳು ಮೆಟ್ಟಿಲಿನಲ್ಲಿ ಬಿದ್ದ ದಿನ ಬಂತು. ನೆಲ ಹಸಿ ಇತ್ತು ಎಂದು ನಿನಗೆ ಬರೆದೆನಲ್ಲ, ನೆಲ ಒಣಗಿತ್ತು, ಶೇಖರ. ಆ ರಾತ್ರಿ ಡಾಕ್ಟರ ಮಾತು ನೆನಪಾಯಿತು. ಆದರೆ ಇಂಜೆಕ್ಷನ್ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು. ತಪ್ಪು ಸೆಟ್ಟಿನಲ್ಲೇ ಇರಲಿ, ಶೇಖರ ಏನು ಬರೆಯುತ್ತಾನೋ ನೋಡೋಣ ಎಂದು ನಿನ್ನ ಪತ್ರಕ್ಕೆ ಕಾದೆ. ಕಾಯುತ್ತ ಅವಳನ್ನು ಸೂಜಿಗೆ ಕಳಿಸುತ್ತಲೇ ಇದ್ದೆ.

ಆ ಭಾನುವಾರ ಬೆಳಿಗ್ಗೆ ಪ್ಲಗ್ಗು ಕಿತ್ತು, ಈಗ ನಿಂತಿತಾ ಎಂದು ಕೇಳಿದೆ. ಅವಳು ಪೆಟ್ಟಿಗೆಗೆ ತಲೆ ಒರಗಿಸಿ, “ಇಲ್ಲಕ್ಕ, ಉಂಟು” ಅಂದಳು. ಪ್ಲಗ್ಗನ್ನು ಎತ್ತಿ ತೋರಿಸಿದೆ. ಅವಳು ನನ್ನ ಕೈ ನೋಡಿದಳು, ಗೋಡೆ ನೋಡಿದಳು. ಹೊರಗೆ ಅಂಗಳಕ್ಕೆ ಹೋಗಿ ನಿಂತು ಹಿಂದೆ ಬಂದಳು. “ಅಲ್ಲಿಯೂ ಉಂಟು” ಅಂದಳು.

ಮಾರನೇ ದಿನವೇ ಡಾಕ್ಟರು ಸೂಜಿ ನಿಲ್ಲಿಸಿ, ಮಾತ್ರೆಗಳನ್ನಷ್ಟೇ ಮುಂದುವರಿಸಿದರು. ಜನವರಿಯಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಕಿವಿಗೆ ಯಂತ್ರ ಹಾಕಿ ಪರೀಕ್ಷೆ ಮಾಡಿದರು. ಎಡಗಿವಿ ಹೆಚ್ಚುಕಡಿಮೆ ಹೋಗಿದೆ. ಬಲಗಿವಿ ಅರ್ಧ ಉಳಿದಿದೆ, ಅದು ಉಳಿದರೆ ಪುಣ್ಯ ಎಂದರು. ಯಾವಾಗ ಶುರುವಾಯಿತು ಎಂದು ಅಲ್ಲಿಯ ಡಾಕ್ಟರಮ್ಮ ಕೇಳಿದರು. ವಿನೋದಾಳೇ, ಅಕ್ಟೋಬರಿನಲ್ಲಿ, ಸ್ಟೀರಿಯೋ ಬಂದ ವಾರ ಅಂದಳು.

ಬಸ್ಸಿನಲ್ಲಿ ಅವಳಿಗೆ ಎಲ್ಲ ಹೇಳಿದೆ, ಡಾಕ್ಟರು ಮೊದಲೇ ಹೇಳಿದ್ದು, ನಾನು ಹೇಳದೆ ಇದ್ದದ್ದು. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಕಾಪುವಿನಲ್ಲಿ ಇಳಿದು, ಪೇಟೆಯ ಮಧ್ಯದಲ್ಲಿ, ಜನರ ಎದುರಿನಲ್ಲಿ, ಗಟ್ಟಿ ಸ್ವರದಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಅವಳು ಅಳಲಿಲ್ಲ. “ನನಗೆ ಹೇಳಿದ್ದರೆ ಆಗುತ್ತಿತ್ತಲ್ಲ ಅಕ್ಕ” ಅಂದಳು. ಮನೆಗೆ ನನಗಿಂತ ಮುಂದೆ ನಡೆದಳು.

ಕಾರ್ಕಳದವರಿಗೆ ಇನ್ನೂ ಹೇಳಿಲ್ಲ. ನಿಶ್ಚಯ ಮುಂದಕ್ಕೆ ಹಾಕಲು ನನ್ನ ಶಾಲೆಯ ಪರೀಕ್ಷೆಯ ನೆಪ ಕೊಟ್ಟಿದ್ದೇನೆ.

ಮಕ್ಕಳು ತಪ್ಪು ಬರೆದರೆ ಕೆಂಪು ಮಸಿಯಲ್ಲಿ ಗೀಟು ಹಾಕುವುದು ನನ್ನ ಕೆಲಸ. ನನಗೆ ಹಾಕುವವರು ಯಾರೂ ಇಲ್ಲ.

ಗುಣವತಿ


ಮನಾಮ
2 ಮಾರ್ಚ್ 1981

ಗುಣಕ್ಕ,

ಲೂಯಿಸ್ ಪತ್ರ ಕೊಟ್ಟು ಹನ್ನೆರಡು ದಿನವಾಯಿತು. ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ನಿನ್ನನ್ನು ಬೈದಿದ್ದೆ. ಬೈದು ಮುಗಿಸಿದ ಮೇಲೆ ಡಿಸೆಂಬರಿನಲ್ಲಿ ನಾನೇ ಬರೆದದ್ದು ನೆನಪಾಯಿತು, ತಪ್ಪು ಗೋಡೆಯಲ್ಲಿಯೇ ಎಂದು ಕೇಳಿದ್ದೆನಲ್ಲ, ಆ ಮಾತು.

ನಾನು ಅಂಟು ಹಾಕಿದ ಪೆಟ್ಟಿಗೆಯನ್ನು ನೀನು ನವೆಂಬರಿನಲ್ಲಿ ಬಲಗಡೆಗೆ ಇಟ್ಟೆ. ಆದರೂ ಎಡಗಡೆ ಒಡೆಯುತ್ತದೆ ಎಂದು ಬರೆದೆ. ಅದನ್ನು ಓದಿದಾಗ ನನಗೆ ಮೊದಲು ಆದದ್ದು ಏನು ಗೊತ್ತೇ? ನೆಮ್ಮದಿ. ಸದ್ಯ, ನನ್ನ ಪೆಟ್ಟಿಗೆಯ ತಪ್ಪಲ್ಲ, ನನ್ನ ಸುಳ್ಳು ಹೊರಗೆ ಬೀಳುವುದಿಲ್ಲ ಎಂದು. ಯಂತ್ರದ್ದಲ್ಲ, ತಂತಿಯದ್ದಲ್ಲ, ಪೆಟ್ಟಿಗೆಯದ್ದೂ ಅಲ್ಲ ಎಂದ ಮೇಲೆ ಉಳಿದದ್ದು ಕೇಳುವವಳು. ಕರೆಂಟಿನ ಕೆಲಸ ಕಲಿತ ಯಾವನಿಗೂ ಹೊಳೆಯಬೇಕಾದದ್ದು. ನಾನು ಅಲ್ಲಿಯವರೆಗೆ ಯೋಚಿಸಲೇ ಇಲ್ಲ. ನಿನಗೆ ಎಡಬಲ ತಿಳಿಯದು ಎಂದು ಬರೆದು ಮಲಗಿದೆ.

ಅಕ್ಟೋಬರಿನಲ್ಲಿ ನೀನು ಕೇಳಿದಾಗಲೇ ಸ್ಟ್ಯಾನಿಸ್ಲಾಸ್‌ರನ್ನು ಕರೆಸಲು ಹೇಳಿದ್ದರೆ, ಪೆಟ್ಟಿಗೆಗೆ ಅಂಟು ಹಾಕಿದ್ದಾರೆ, ಆದರೆ ಸ್ವರ ಸರಿಯಾಗಿಯೇ ಇದೆ ಎಂದು ಅವರು ಅರ್ಧ ಗಂಟೆಯಲ್ಲಿ ಹೇಳಿ ಹೋಗುತ್ತಿದ್ದರು. ನನ್ನ ಆ ಉತ್ತರ ತಲುಪಿದ ಮೇಲೆ ಅವಳಿಗೆ ಹದಿನೈದು ಸೂಜಿಯಾದರೂ ಬಿದ್ದಿದೆ. ನಿನ್ನ ಒಂದು ಸುಳ್ಳು, ನನ್ನ ಒಂದು ಸುಳ್ಳು. ಯಾವುದಾದರೊಂದು ಇಲ್ಲದಿದ್ದರೂ ಸಾಕಿತ್ತು.

ಇನ್ನು ಮುಚ್ಚಿಡುವುದು ಬೇಡವೆಂದು ಅಣ್ಣುವಿಗೆ ಎಲ್ಲ ಹೇಳಿಬಿಟ್ಟೆ. ಅವರು ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ, “ಮೊದಲೇ ಹೇಳಬಹುದಿತ್ತು ಮಾರಾಯ” ಅಂದರು. ಆ ವಾರವೇ ಮನೆಗೆ ಬರೆದಿದ್ದಾರೆಂದು ಕಾಣುತ್ತದೆ. ಈಗ ಊಟಕ್ಕೆ ಬೇರೆಯವರ ಜತೆ ಕೂರುತ್ತಾರೆ.

ವಿನೋದಾಳಿಗೆ ಏನೆಂದು ಬರೆಯಲಿ? ನೀನೇ ನನ್ನ ಪರವಾಗಿ ಹೇಳು.

ಶೇಖರ


ಕಾಪು ಪಡು
5 ಏಪ್ರಿಲ್ 1981

ಶೇಖರಣ್ಣನಿಗೆ ವಿನೋದಾ ಬರೆಯುವುದು.

ಅಕ್ಕ ನಿನ್ನ ಪತ್ರವನ್ನು ಓದಿ ಹೇಳಲು ಬಂದಳು. ನಾನೇ ತೆಗೆದುಕೊಂಡು ಓದಿದೆ. ಆಮೇಲೆ ಅಕ್ಟೋಬರಿನಿಂದ ನೀನು ಬರೆದದ್ದನ್ನೆಲ್ಲ ಕೊಡು ಎಂದು ಕೇಳಿ ಒಂದೇ ಬಾರಿಗೆ ಕೂತು ಓದಿದೆ. ಅಕ್ಕ ಬರೆದದ್ದು ಏನೆಂದು ಅವಳ ಬಾಯಿಂದಲೇ ಕೇಳಿದೆ. ನನ್ನ ಕಿವಿಯ ವಿಷಯ ಆರು ತಿಂಗಳು ನೀವಿಬ್ಬರು ಬರೆದುಕೊಂಡಿದ್ದೀರಿ. ಒಂದು ಪತ್ರವಾದರೂ ನನಗೆ ಬಂದಿಲ್ಲ.

ನೀನು ಒಳ್ಳೆಯದಾಗಲೆಂದೇ ಅಣ್ಣುವಿಗೆ ಹೇಳಿದೆ. ಅದಕ್ಕೂ ನನ್ನನ್ನು ಕೇಳಲಿಲ್ಲ. ನಿನ್ನ ಪತ್ರ ತಲುಪುವ ಮೊದಲೇ ನಾನು ಒಬ್ಬಳೇ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿದ್ದೆ, ಭೋಜನಿಗೆ ನಾನೇ ಹೇಳಬೇಕೆಂದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕಚೇರಿಯ ಹೊರಗೆ ಬಂದ. ನಾನು ಬಾಯಿ ತೆರೆಯುವ ಮೊದಲೇ, “ನಮಗೆ ಗೊತ್ತಾಯಿತು, ಅಣ್ಣ ಬರೆದಿದ್ದಾರೆ” ಅಂದ. ಅವನಿಗೆ ಎರಡು ಸಲ ಹೇಳಬೇಕಾಯಿತು, ನನ್ನ ಎಡಗಡೆ ನಿಂತಿದ್ದ. ನಾನೇ ತಿರುಗಿ ನಿಂತೆ. ಕಾಯಿಲೆಗಲ್ಲ, ಕಿವಿಗೂ ಅಲ್ಲ, ಮುಚ್ಚಿಟ್ಟದ್ದಕ್ಕೆ ಅಮ್ಮನಿಗೆ ನೋವಾಗಿದೆ, ಅವರು ಒಪ್ಪುವುದಿಲ್ಲ ಎಂದ. ಅದು ನಿಜವೋ, ಮರ್ಯಾದೆಗೆ ಹೇಳಿದ್ದೋ ಗೊತ್ತಿಲ್ಲ. ನಿಮ್ಮ ಅಭಿಪ್ರಾಯ ಏನು ಎಂದು ಕೇಳಿದೆ. ಕೈಗಡಿಯಾರ ನೋಡಿಕೊಂಡ. ನನ್ನ ಬಾಯಿಂದ ಮೊದಲು ಕೇಳಿದ್ದರೂ ಅವನು ಅಷ್ಟೇ ಹೇಳುತ್ತಿದ್ದನೋ ಏನೋ. ಅದು ಇನ್ನು ಗೊತ್ತಾಗುವ ಹಾಗಿಲ್ಲ.

ಮನೆಗೆ ಬಂದು ಹೇಳಿದಾಗ ಅಕ್ಕ ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟಳು. ಈಗ ನನಗೆ ಬಡಿಸಿ ತಾನು ಉಣ್ಣುವುದಿಲ್ಲ. ಬೈದುಬಿಡು ಎನ್ನುತ್ತಾಳೆ. ಬೈದರೆ ಅವಳಿಗೆ ಹಗುರವಾಗುತ್ತದೆ, ಅದು ಗೊತ್ತಿದ್ದೇ ಬೈಯುವುದಿಲ್ಲ. ನಾನು ಅಷ್ಟು ಒಳ್ಳೆಯವಳಲ್ಲ ಅಣ್ಣ. ಆದರೆ ನಿನ್ನೆ ಅವಳ ತಟ್ಟೆಯನ್ನು ನನ್ನ ಪಕ್ಕದಲ್ಲಿ ಇಟ್ಟು, ನೀನು ಕೂತರೆ ಮಾತ್ರ ನಾನೂ ಉಣ್ಣುತ್ತೇನೆ ಅಂದೆ. ಕೂತಳು.

ಕೆಮ್ಮು ಪೂರ್ತಿ ನಿಂತಿದೆ. ಮೂರು ಕಿಲೋ ತೂಕ ಏರಿದ್ದೇನೆ. ಬಲಗಿವಿ ಜನವರಿಯಲ್ಲಿ ಇದ್ದಷ್ಟೇ ಇದೆ, ಇನ್ನು ಇಳಿಯಲಿಕ್ಕಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಭಜನೆಗೆ ಹೋದರೆ ಮುಂದಿನ ಸಾಲಿನಲ್ಲಿ ಕೂರುವುದಿಲ್ಲ. ಹಾಡು ಶುರುವಾದರೆ ನನ್ನ ಸ್ವರ ಉಳಿದವರ ಜತೆ ಸೇರಿದೆಯೋ ಇಲ್ಲವೋ ನನಗೆ ತಿಳಿಯುವುದಿಲ್ಲ, ಪಕ್ಕದವರ ಮುಖ ನೋಡಿ ತಿಳಿಯಬೇಕು. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋದ ದಿನ ನಾನೇ ಬರೆಯುತ್ತೇನೆ, ಅಕ್ಕನ ಕೈಯಲ್ಲಿ ಹೇಳಿಸಬೇಡ. ಏನು ಬರೆಯಲಿ ಎಂದು ಕೇಳಿದ್ದೀಯ. ಅಲ್ಲಿ ಬಿಸಿಲು ಹೇಗಿದೆ, ಊಟಕ್ಕೆ ಈಗ ಯಾರ ಜತೆ ಕೂರುತ್ತೀಯ, ಅಷ್ಟು ಬರೆ. ಲಕೋಟೆಯ ಮೇಲೆ ನನ್ನ ಹೆಸರು ಬರೆ.

ವಿನೋದಾ